ಕಣದಿಂದ ಹೊರಬಂದ ಔಷಧ ಎಲ್ಲಿಗೆ ಹೋಯಿತು?

ನಮಸ್ಕಾರ. ಇವತ್ತಿನ ಮಾತು ಆಂಟಿಆಕ್ಸಿಡೆಂಟ್ ನ್ಯಾನೋಕಣಗಳ, ಅಂದರೆ ಆಂಟಿಆಕ್ಸಿಡೆಂಟ್ ಔಷಧ ಹೊತ್ತ ಅತಿ ಸಣ್ಣ ಕಣಗಳ ಬಗ್ಗೆ. ಆಕ್ಸಿಡೇಟಿವ್ ಸ್ಟ್ರೆಸ್ (ಪೆರಾಕ್ಸೈಡ್ ಮುಂತಾದ ಚುರುಕು ಅಣುಗಳಿಂದ ಜೀವಕೋಶಕ್ಕಾಗುವ ಹಾನಿ) ತಗ್ಗಿಸುವ ಔಷಧವನ್ನು ಪಿಎಲ್‌ಜಿಎ ತರಹದ, ದೇಹದಲ್ಲಿ ತಾನೇ ಕರಗುವ ಪಾಲಿಮರ್ ಒಳಗೆ ತುಂಬುವುದು, ಅದು ನಿಧಾನವಾಗಿ ಹೊರಬರುತ್ತದೆ ಎಂದು ಗ್ರಾಫ್ ತೋರಿಸುವುದು, ಆಮೇಲೆ ಜೀವಕೋಶಗಳ ಮೇಲೆ ಹಾಕಿ ಬಣ್ಣದ ಚಿತ್ರ ತೆಗೆಯುವುದು. ಈ ಅಚ್ಚಿನ ಪ್ರಬಂಧಗಳು ರಾಶಿರಾಶಿಯಾಗಿ ಬರುತ್ತಿವೆ. ನನ್ನ ತಕರಾರು ಇಷ್ಟೇ: ಹಾಕಿದ ಔಷಧದ ಪೂರ್ತಿ ಲೆಕ್ಕ ಒಪ್ಪಿಸದೆ "ನಿಧಾನ ಬಿಡುಗಡೆ" ಎಂದು ಯಾರೂ ಬರೆಯಬಾರದು, ಪತ್ರಿಕೆಗಳು ಅದನ್ನು ಅಚ್ಚು ಹಾಕಲೂಬಾರದು.

ಅರಿಶಿನದ ಹಳದಿ ಅಣುವಾದ ಕರ್ಕ್ಯುಮಿನ್ ತೆಗೆದುಕೊಳ್ಳಿ, ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಸುವ ಅಣುಗಳಲ್ಲಿ ಅದೂ ಒಂದು. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7.2ರ ಫಾಸ್ಫೇಟ್ ಬಫರಿನಲ್ಲಿ, ಸೀರಮ್ (ರಕ್ತದ ತಿಳಿ ದ್ರವ) ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಅದರ ಸುಮಾರು ಶೇ 90ರಷ್ಟು ಒಡೆದುಹೋಗುತ್ತದೆ. ಇದು 1997ರಿಂದಲೂ ಪ್ರಕಟಿತ ಮಾಹಿತಿ. ಈಗ ಪ್ರಯೋಗ ನೋಡಿ. ಕಣಗಳನ್ನು ಡಯಾಲಿಸಿಸ್ ಚೀಲದಲ್ಲಿ (ಔಷಧ ದಾಟಬಲ್ಲ, ಕಣ ದಾಟಲಾರದ ಪೊರೆಯ ಚೀಲ) ಹಾಕಿ ಅದೇ ಬಫರಿನಲ್ಲಿ ಇಳಿಬಿಡುತ್ತಾರೆ. ಗಂಟೆಗೊಮ್ಮೆ ಹೊರಗಿನ ದ್ರವ ತೆಗೆದು 425 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಕರ್ಕ್ಯುಮಿನ್ ಒಡೆದರೆ ಹಳದಿ ಬಣ್ಣ ಮಾಯ, ಉಪಕರಣಕ್ಕೆ ಅದು ಕಾಣುವುದೇ ಇಲ್ಲ. ಹೊರಬಂದದ್ದು ಬಂದಹಾಗೆ ನಾಶವಾಗುತ್ತಿರುತ್ತದೆ, ಗ್ರಾಫ್ ಮಾತ್ರ ತಣ್ಣಗೆ ಕೆಳಗೇ ಮಲಗಿರುತ್ತದೆ. ಅದನ್ನೇ ನೋಡಿ "72 ಗಂಟೆಯ ನಿಯಂತ್ರಿತ ಬಿಡುಗಡೆ" ಎಂದು ಬರೆದುಬಿಡುತ್ತಾರೆ!

ಚೀಲದ್ದೂ ಒಂದು ಸಮಸ್ಯೆ ಇದೆ. ಔಷಧ ಕಣದಿಂದ ಬಿಡಿಸಿಕೊಂಡ ಮೇಲೆ ಚೀಲದ ಪೊರೆಯನ್ನೂ ದಾಟಬೇಕು. ನೀರಿಗೆ ಒಗ್ಗದ ಔಷಧ ಚೀಲದೊಳಗೇ ಹರಳುಗಟ್ಟಿ ಕೂತರೆ, ನೀವು ಅಳೆಯುತ್ತಿರುವುದು ಹರಳು ಕರಗುವ ವೇಗವನ್ನು, ಕಣದ ಗುಣವನ್ನಲ್ಲ. ಆದ್ದರಿಂದ ಕಣವಿಲ್ಲದ ಬರೀ ಔಷಧವನ್ನು ಇನ್ನೊಂದು ಚೀಲದಲ್ಲಿ ಇಡಲೇಬೇಕು. ಎರಡೂ ಗೆರೆಗಳು ಒಂದರ ಮೇಲೊಂದು ಬಿದ್ದರೆ ಆ ಪ್ರಯೋಗ ಕಣದ ಬಗ್ಗೆ ಏನನ್ನೂ ಹೇಳಿಲ್ಲ.

ದ್ರವದ ಪ್ರಮಾಣವೂ ಮುಖ್ಯ. ಔಷಧ ಕರಗಲು ನೆರವಾಗುವ ಟ್ವೀನ್ 80 ಬೆರೆಸಿದ ಬಫರಿನಲ್ಲಿ ನಿಮ್ಮ ಔಷಧ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಕರಗುತ್ತದೆ ಎಂದಿಟ್ಟುಕೊಳ್ಳಿ. 1 ಮಿಲಿಗ್ರಾಂ ಕರಗಲಿಕ್ಕೇ 100 ಮಿಲಿಲೀಟರ್ ಬೇಕು. ಸಿಂಕ್ ಕಂಡಿಷನ್‌ಗೆ, ಅಂದರೆ ಹೊರಬಂದ ಔಷಧಕ್ಕೆ ಕರಗಲು ಸದಾ ಜಾಗ ಉಳಿದಿರುವುದಕ್ಕೆ, ಕನಿಷ್ಠ ಅದರ ಮೂರು ಪಟ್ಟು, 300 ಮಿಲಿಲೀಟರ್ ಬೇಕು. ಕೇವಲ 50 ಮಿಲಿಲೀಟರ್ ಬೀಕರಿನಲ್ಲಿ ಮಾಡಿದರೆ ದ್ರವ ಇನ್ನಷ್ಟು ಔಷಧ ಕರಗಿಸಿಕೊಳ್ಳಲಾರದೆ ಬಿಡುಗಡೆ ನಿಲ್ಲುತ್ತದೆ, ಆ ನಿಲುಗಡೆಯ ಕೀರ್ತಿ ಪಾಲಿಮರಿಗೆ ಸಲ್ಲುತ್ತದೆ.

ಪರಿಹಾರ ಕಷ್ಟದ್ದಲ್ಲ. ಮೊದಲು ಬರೀ ಔಷಧವನ್ನು ಅದೇ ದ್ರವದಲ್ಲಿ, ಅದೇ ತಾಪಮಾನದಲ್ಲಿ, ಅಷ್ಟೇ ಹೊತ್ತು ಇಟ್ಟು ಎಷ್ಟು ಉಳಿಯುತ್ತದೆ ನೋಡಿ. ಬಣ್ಣ ನಂಬಬೇಡಿ, ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಅಳೆಯಿರಿ. ಪ್ರಯೋಗ ಮುಗಿದ ದಿನ ಚೀಲ ಬಿಚ್ಚಿ, ಉಳಿದ ಕಣಗಳನ್ನು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, ಒಳಗೆ ಎಷ್ಟಿದೆ ಎಂದೂ ಅಳೆಯಿರಿ. ಹೊರಬಂದದ್ದು, ಒಳಗುಳಿದದ್ದು, ಎರಡೂ ಸೇರಿ ಹಾಕಿದ್ದಕ್ಕೆ ಸರಿಹೊಂದಬೇಕು. 100ರಲ್ಲಿ 40 ಹೊರಗೆ, 15 ಒಳಗೆ ಸಿಕ್ಕಿದರೆ ಮಿಕ್ಕ 45ಕ್ಕೆ ಉತ್ತರ ಹೇಳಿ. ಚೀಲ ಬಿಚ್ಚಿ ಅಳೆಯುವುದು ಒಂದು ಮಧ್ಯಾಹ್ನದ ಕೆಲಸ, ಆದರೂ ಬಹಳ ಕಡೆ ಮಾಡಿರುವುದಿಲ್ಲ.

ತುಂಬಿಸಿದ ಪ್ರಮಾಣದ ಬಗ್ಗೆ ಒಂದೇ ಮಾತು. 100 ಮಿಲಿಗ್ರಾಂ ಪಾಲಿಮರಿಗೆ 2 ಮಿಲಿಗ್ರಾಂ ಔಷಧ ಹಾಕಿ, ಶೇ 90 ಒಳಸೇರಿತು ಎಂದರೆ ಕೇಳಲು ಚೆಂದ. ಆದರೆ ಕಣದ ತೂಕದಲ್ಲಿ ಔಷಧ ಶೇ 1.8 ಮಾತ್ರ. 50 ಮಿಲಿಗ್ರಾಂ ಔಷಧ ಕೊಡಬೇಕಾದರೆ 2.8 ಗ್ರಾಂ ಕಣ ದೇಹಕ್ಕೆ ಸೇರಿಸಬೇಕು.

ಇನ್ನು ಜೀವಕೋಶದ ಪ್ರಯೋಗ. ಇಲ್ಲಿ ಎಲ್ಲರೂ ಬಳಸುವುದು ಆಕ್ಸಿಡೀಕರಣಗೊಂಡರೆ ಹೊಳೆಯುವ ಡಿಸಿಎಫ್‌ಎಚ್-ಡಿಎ ಬಣ್ಣ. ಅದು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ನೇರವಾಗಿ ಪ್ರತಿಕ್ರಿಯಿಸುವುದಿಲ್ಲ. ಕಬ್ಬಿಣ, ಸೈಟೋಕ್ರೋಮ್ ಸಿ, ಪೆರಾಕ್ಸಿಡೇಸ್ ಇಂಥವು ನಡುವೆ ಬೇಕು. ಹೊಳಪು ಕಡಿಮೆಯಾಯಿತು ಅಂದಮಾತ್ರಕ್ಕೆ ಪೆರಾಕ್ಸೈಡ್ ಕಡಿಮೆಯಾಯಿತು ಎನ್ನಲಾಗದು. ಕರ್ಕ್ಯುಮಿನ್ ತಾನೇ ಹಸಿರು ಬೆಳಕು ಸೂಸುವುದರಿಂದ ಬಣ್ಣ ಹಾಕದ, ಕಣ ಮಾತ್ರ ಹಾಕಿದ ಬಾವಿಯೂ (ಕೋಶ ಬೆಳೆಸುವ ತಟ್ಟೆಯ ಗುಳಿ) ಬೇಕು. ಔಷಧವಿಲ್ಲದ ಖಾಲಿ ಕಣದ ಬಾವಿಯಂತೂ ಬೇಕೇ ಬೇಕು. ಕೋಶಗಳಿಗೆ ಆಹಾರವಾಗುವ ಡಿಎಂಇಎಂ ಮಾಧ್ಯಮದ ಡಬ್ಬಿಯ ಮೇಲಿನ ಚೀಟಿಯನ್ನೂ ಓದಿ: ಕೆಲವು ಬಗೆಗಳಲ್ಲಿ 1 ಮಿಲಿಮೋಲಾರ್ ಪೈರುವೇಟ್ ಇರುತ್ತದೆ, ಅದು ನೀವು ಸುರಿದ ಪೆರಾಕ್ಸೈಡನ್ನು ತಾನೇ ಮುಗಿಸಿಬಿಡುತ್ತದೆ. ಬದುಕಿರುವ ಕೋಶಗಳು ಹಳದಿ ಎಂಟಿಟಿ ಬಣ್ಣವನ್ನು ನೇರಳೆ ಮಾಡುವುದನ್ನು ಅಳೆಯುವ ಎಂಟಿಟಿ ಪರೀಕ್ಷೆಯಲ್ಲೂ ಎಚ್ಚರ. ಹಲವು ಆಂಟಿಆಕ್ಸಿಡೆಂಟ್‌ಗಳು ಕೋಶಗಳಿಲ್ಲದೆಯೇ ಎಂಟಿಟಿಯನ್ನು ನೇರಳೆ ಮಾಡುತ್ತವೆ, ಸತ್ತ ಕೋಶಗಳೂ ಬದುಕಿರುವಂತೆ ಕಾಣುತ್ತವೆ.

ಇಷ್ಟು ಹಟ ಏಕೆ ಎಂದರೆ, ಆಂಟಿಆಕ್ಸಿಡೆಂಟ್ ಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಗೆ ಮನುಷ್ಯರು ಈಗಾಗಲೇ ಬೆಲೆ ತೆತ್ತಿದ್ದಾರೆ. ಫಿನ್ಲೆಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಧೂಮಪಾನಿಗಳು, ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟೀನ್ ಎಂಬ ಆಂಟಿಆಕ್ಸಿಡೆಂಟ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು.

ಕೊನೆಯದಾಗಿ, ಪೆರಾಕ್ಸೈಡ್ ತಾಗಿದರೆ ಬಿಚ್ಚಿಕೊಂಡು ಔಷಧ ಬಿಡುವ ಥಯೋಕೀಟಾಲ್, ಬೊರೋನೇಟ್ ಪಾಲಿಮರ್‌ಗಳು. ಕಲ್ಪನೆ ನಿಜಕ್ಕೂ ಸೊಗಸು, ನನಗೆ ಇದರ ಮೇಲೆ ಭರವಸೆ ಇದೆ. ಆದರೆ ಆರೋಗ್ಯವಂತ ಕೋಶದೊಳಗೆ ಪೆರಾಕ್ಸೈಡ್ ಇರುವುದು ನ್ಯಾನೋಮೋಲಾರ್ ಮಟ್ಟದಲ್ಲಿ. ಉರಿಯೂತದ ಜಾಗದಲ್ಲಿ ಹೆಚ್ಚಾದರೂ ಮೈಕ್ರೋಮೋಲಾರ್ (ಮಿಲಿಮೋಲಾರ್‌ನ ಸಾವಿರದ ಒಂದು ಭಾಗ) ಲೆಕ್ಕದಲ್ಲೇ ಮಾತು. ಪರೀಕ್ಷೆ ಮಾತ್ರ 10 ಅಥವಾ 100 ಮಿಲಿಮೋಲಾರ್‌ನಲ್ಲಿ! ಅಂಥ ದ್ರಾವಣದಲ್ಲಿ ಬಿಚ್ಚಿಕೊಂಡ ಪಾಲಿಮರ್ ರೋಗಿಯ ಗಾಯದಲ್ಲೂ ಬಿಚ್ಚಿಕೊಳ್ಳುತ್ತದೆ ಎನ್ನಲು ಆಧಾರವಿಲ್ಲ. 50 ಮೈಕ್ರೋಮೋಲಾರ್‌ನಲ್ಲಿ, ದ್ರಾವಣವನ್ನು ಆಗಾಗ ಹೊಸದಾಗಿ ಬದಲಿಸುತ್ತಾ, ಒಂದು ವಾರ ನಡೆಸಿದ ಗ್ರಾಫ್ ತೋರಿಸಿ. ಪಕ್ಕದಲ್ಲೇ ಪೆರಾಕ್ಸೈಡ್ ಇಲ್ಲದ ಗೆರೆಯೂ ಇರಲಿ.