ಮೌಸು ಮಗುವಿನ ಕೈಗೆ ಕೊಡಿ

ಎಲ್ಲರಿಗೂ ನಮಸ್ಕಾರ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ನಮ್ಮ ಮೈಸೂರು. ಎಲ್ಲೋ ಆಡಿದ ಮಾತು ನಡುಮನೆಯಲ್ಲಿ ಕೇಳುತ್ತದೆ ಅಂದರೆ ಆಗ ಎಷ್ಟು ಜನ ನಂಬಿದ್ದರೋ. ಈಗ ನಾನು, ಅಮೆರಿಕದ ಟೆಲಿಸ್ಕೋಪಿಗೆ ಮಂಡ್ಯದ ಹುಡುಗಿ ಇಲ್ಲೇ ಕಂಪ್ಯೂಟರ್ ಮುಂದೆ ಕೂತು ಕೆಲಸ ಹೇಳಬಹುದು ಅಂದರೆ ಮೇಷ್ಟ್ರುಗಳೇ ನಗುತ್ತಾರೆ.

ಯಾವ ಶಾಲೆಗೆ ಹೋದರೂ ಇದೇ ಮಾತು: "ಸಾರ್, ಟೆಲಿಸ್ಕೋಪು ಕೊಳ್ಳಲು ದುಡ್ಡಿಲ್ಲ." ಕೊಳ್ಳಬೇಡಿ ಸ್ವಾಮಿ! ಕೊಂಡ ಕಡೆ ಅದು ಬೀರುವಿನಲ್ಲಿ ಬಟ್ಟೆ ಹೊದ್ದು ಮಲಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಶಾಲೆ ನಡೆಯುವುದು ಹಗಲು, ನಕ್ಷತ್ರ ಕಾಣುವುದು ರಾತ್ರಿ. ಮಳೆಗಾಲದಲ್ಲಿ ಮೋಡ, ದಸರಾ ಬಂದರೆ ಊರೆಲ್ಲಾ ಲೈಟು. ಇನ್ನು ಯಾವಾಗ ನೋಡುತ್ತೀರಿ?

ಆದರೆ ಭೂಮಿ ಗುಂಡಗಿದೆ ಅಲ್ವಾ. ಇಲ್ಲಿ ಬೆಳಿಗ್ಗೆ 11:30, ಮಕ್ಕಳು ಮೂರನೇ ಪೀರಿಯಡ್ಡಿನಲ್ಲಿ ಕೂತಿರುವಾಗ, ಅಮೆರಿಕದ ಹವಾಯಿ ದ್ವೀಪಗಳಲ್ಲಿ ಹಿಂದಿನ ದಿನದ ರಾತ್ರಿ 8 ಗಂಟೆ. ಅಲ್ಲಿನ ಹಾಲೆಯಕಲಾ ಬೆಟ್ಟದ ಮೇಲೆ 2 ಮೀಟರ್ ಅಗಲದ ಕನ್ನಡಿಯ ಫಾಕ್ಸ್ ಟೆಲಿಸ್ಕೋಪಿದೆ, ಶಾಲೆ ಮಕ್ಕಳೂ ಬಳಸಲಿ ಅಂತಲೇ ಕಟ್ಟಿದ್ದು. ಪಕ್ಕದಲ್ಲಿ ಯಾರೂ ನಿಂತಿರಬೇಕಿಲ್ಲ. ಬಂದ ಕೋರಿಕೆಗಳನ್ನು ಕಂಪ್ಯೂಟರೇ ಸಾಲಿನಲ್ಲಿಟ್ಟು, ತಾನೇ ತಿರುಗಿ, ಫೋಟೋ ತೆಗೆದು ಕಳಿಸುತ್ತದೆ. ಮಳೆ ಬಂದರೆ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಇದು ಹೊರದೇಶದವರ ಚಮತ್ಕಾರ ಅಂದುಕೊಳ್ಳಬೇಡಿ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಇಷ್ಟೇ ದೊಡ್ಡ ಟೆಲಿಸ್ಕೋಪನ್ನು ನಮ್ಮ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕೂತು ನಡೆಸಲು ಶುರು ಮಾಡಿ 20 ವರ್ಷದ ಮೇಲಾಯಿತು. ನಮ್ಮ ಹೊಸಕೋಟೆ, ಬೆಂಗಳೂರಿನ ಪಕ್ಕದ್ದು!

ಹಾಗಾದರೆ ಬೇಕಾಗಿರುವುದು ಒಂದು ಕಂಪ್ಯೂಟರು, ಇಂಟರ್‌ನೆಟ್ಟು. ಮತ್ತೆ, ಇದನ್ನು ಎರಡೆರಡು ಸಲ ಹೇಳುತ್ತೇನೆ, ಮೌಸು ಮಗುವಿನ ಕೈಯಲ್ಲಿರಬೇಕು. ಮೇಷ್ಟ್ರ ಕೈಯಲ್ಲಲ್ಲ.

ಒಂದು ಕಥೆ ಹೇಳುತ್ತೇನೆ. ಶ್ರೀರಂಗಪಟ್ಟಣದ ಆಚೆ ಒಂದು ಸರ್ಕಾರಿ ಪ್ರೌಢಶಾಲೆ. ದಸರಾ ರಜೆ ಮುಗಿದಿತ್ತಷ್ಟೇ. ಅಮೆರಿಕದ ಹಾರ್ವರ್ಡ್-ಸ್ಮಿತ್ಸೋನಿಯನ್ ಖಗೋಳ ಕೇಂದ್ರದವರ ಮೈಕ್ರೋಅಬ್ಸರ್ವೇಟರಿ ಅಂತ ಇದೆ, ಚಿಕ್ಕ ಟೆಲಿಸ್ಕೋಪುಗಳು, 6 ಇಂಚಿನವು, ಕಾಸು ಕೇಳುವುದಿಲ್ಲ. ಏನು ಬೇಕು, ಎಷ್ಟು ಸೆಕೆಂಡು ಬೆಳಕು ಹಿಡಿಯಬೇಕು, ಯಾವ ಫಿಲ್ಟರು ಅಂತ ಆರಿಸಿದರೆ ಸಾಕು, ಚಿತ್ರ ಆಮೇಲೆ ಇಮೇಲಿಗೆ ಬರುತ್ತದೆ. ನಾನು ಹೋಗುವಷ್ಟರಲ್ಲಿ ಮುಖ್ಯೋಪಾಧ್ಯಾಯರು ಕುರ್ಚಿ ಎಳೆದುಕೊಂಡು ತಾವೇ ಕೂತಿದ್ದರು, ಹಿಂದೆ 40 ಮಕ್ಕಳು ಕೈಕಟ್ಟಿ ನಿಂತಿದ್ದರು. ಅವರನ್ನು ಏಳಿಸುವುದಕ್ಕೆ ಎರಡು ಲೋಟ ಕಾಫಿ ಖರ್ಚಾಯಿತು. ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೂತಳು. ಚಂದ್ರ ಬೇಕು ಅಂದಳು. ಎಷ್ಟು ಸೆಕೆಂಡು? ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು 60, ಅದನ್ನೇ ಒತ್ತಿದಳು. ನನಗೆ ನಾಲಿಗೆ ತುದಿಗೆ ಬಂದಿತ್ತು. ಸುಮ್ನಿದ್ದೆ.

ಮಾರನೇ ದಿನ ಚಿತ್ರ ಬಂತು. ಬರೀ ಬಿಳಿ. ಸುಣ್ಣ ಬಳಿದ ಗೋಡೆ ಹಾಗೆ. ಮಕ್ಕಳು ನಕ್ಕರು, ಮೇಷ್ಟ್ರು "ಹಾಳಾಗಿದೆ, ಅಳಿಸಿಬಿಡು" ಅಂದರು. ಆ ಹುಡುಗಿ ಒಪ್ಪಲಿಲ್ಲ. "ಇಲ್ಲ ಸಾ, ಹಾಳಾಗಿಲ್ಲ, ಬೆಳ್ಕು ಜಾಸ್ತಿ ಆಗೋಗದೆ. ಉಪ್ಪು ಜಾಸ್ತಿ ಆದ್ರೆ ಅದು ಸಾರಲ್ವಾ?" ಇನ್ನೊಂದು ಸಲ ಕೇಳಿದಳು. ಈ ಸಲ ಸೆಕೆಂಡಿನ ಹತ್ತರಲ್ಲೊಂದು ಪಾಲು, ಜೊತೆಗೆ ಬೆಳಕು ತಗ್ಗಿಸುವ ಫಿಲ್ಟರು. ಚಂದ್ರನ ಗುಂಡಿಗಳು ಒಂದೊಂದೂ ಎಣಿಸುವ ಹಾಗೆ ಬಂದವು. ಅಷ್ಟಕ್ಕೇ ನಿಲ್ಲಲಿಲ್ಲ. "ಹಂಗಾದ್ರೆ ಆ 60 ಯಾರಿಗೆ ಮಡಗವ್ರೆ ಸಾ?" ಅಂತ ಕೇಳಿದಳು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಕ್ಲಾಸಿನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಮಂಕಾಗಿರುವುದಕ್ಕೆ ಅಂದೆ. ಆಂಡ್ರೊಮಿಡಾ ಗ್ಯಾಲಕ್ಸಿಗೆ, ಅಂದರೆ ಬಹಳ ದೂರದ ಒಂದು ದೊಡ್ಡ ನಕ್ಷತ್ರಗಳ ಗುಂಪಿಗೆ, 60 ಇಟ್ಟಳು. 25 ಲಕ್ಷ ವರ್ಷ ಹಿಂದೆ ಹೊರಟ ಬೆಳಕು ಬಿಳೀ ಮಬ್ಬಿನ ಹಾಗೆ ಪರದೆ ಮೇಲೆ ಕೂತಿತ್ತು, ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಮೊದಲ ದಿನವೇ ನಾನು "60 ಬೇಡಮ್ಮ" ಅಂದಿದ್ದರೆ? ಒಳ್ಳೇ ಚಂದ್ರ ಬರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೇ ಹೇಳುವುದು, ಮೌಸು ಮಗುವಿನ ಕೈಗೆ ಕೊಡಿ, ನೀವು ಬಾಯಿಗೆ ಬೀಗ ಹಾಕಿಕೊಳ್ಳಿ.

ನನಗೆ ಕೊಟ್ಟ ಹೊತ್ತೆಲ್ಲಾ ಚಂದ್ರನಿಗೇ ಹೋಯಿತು. ಮೂರು ಬಣ್ಣದ ಫಿಲ್ಟರಿನಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರಗಳನ್ನು ಸೇರಿಸಿ ಬಣ್ಣ ಬರಿಸುವುದು, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದ ಚಿತ್ರಗಳಲ್ಲಿ ಜಾಗ ಬದಲಿಸಿದ ಚುಕ್ಕಿ ನೋಡಿ ಕ್ಷುದ್ರಗ್ರಹ ಹಿಡಿಯುವುದು, ಇವನ್ನೆಲ್ಲಾ ಹೇಳಬೇಕಿತ್ತು. ಇರಲಿ.

"ಇದು ಪರೀಕ್ಷೆಗೆ ಬರುತ್ತಾ ಸಾರ್?" ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಉಳಿದವರು ನಾಳೆ ಶಾಲೆಗೆ ಹೋದ ತಕ್ಷಣ, ಕಂಪ್ಯೂಟರ್ ಕೋಣೆಯ ಬೀಗದಕೈ ಯಾರ ಹತ್ತಿರ ಇದೆ ಅಂತ ಹುಡುಕಿ. ನಮಸ್ಕಾರ.