ಎಂಟು ಮೂಲೆಯ ಹಿತ್ತಾಳೆ ಬಿಲ್ಲೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಬಿಸಿಲಿನಲ್ಲಿ ಇಷ್ಟು ಜನ ಬಂದಿದ್ದೀರಿ, ಅದೂ ಒಂದು ಹಳೆ ಎಂಜಿನ್ನಿನ ಕಥೆ ಕೇಳೋದಕ್ಕೆ. ನಾನು ಭಾಷಣ ಮಾಡುವವನಲ್ಲ. ನಲವತ್ತು ವರ್ಷ ಲೇತ್ ಮುಂದೆ ನಿಂತವನು. ಮಾತು ಎಲ್ಲಾದರೂ ದಾರಿ ತಪ್ಪಿದರೆ ಮುಂದಿನ ಸಾಲಿನವರು ಕೆಮ್ಮಿ.

ಮೂರು ವರ್ಷದ ಹಿಂದೆ ನಮ್ಮೂರಿನ ಹಿರಿಯರೊಬ್ಬರು ಅಂಗಡಿಗೆ ಬಂದರು. ಅವರನ್ನು ಯಜಮಾನರು ಅಂತಲೇ ಕರೀತೀನಿ, ಹೆಸರು ಬೇಡ ಅಂದಿದ್ದಾರೆ. ಕೌಲ್ ಬಜಾರ್ ಕಡೆ ಅವರ ಹಳೆ ಮನೆ. ಹಿತ್ತಲ ಶೆಡ್ಡಿನಲ್ಲಿ ತಂದೆಯ ಕಾರು ಇದೆ. 1948ರ ಎಂಜಿ ಟಿಸಿ. ಎರಡೇ ಸೀಟು, ಉದ್ದ ಮೂತಿ, 19 ಇಂಚಿನ ತಂತಿ ಚಕ್ರ, ಮುಂದಕ್ಕೆ ಮಡಚಿ ಮಲಗಿಸುವ ಗಾಜು. ಬಾಡಿಯ ತಗಡಿನ ಒಳಗೆ ಮರದ ಚೌಕಟ್ಟು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1945ರಿಂದ 1949ರವರೆಗೆ ಸುಮಾರು ಹತ್ತು ಸಾವಿರ ಮಾಡಿದರು, ಅಷ್ಟೇ. ಎಲ್ಲದರ ಸ್ಟೀರಿಂಗೂ ಬಲಕ್ಕೇ. ಅಮೆರಿಕಾದವರು ಬಲಗಡೆ ಸ್ಟೀರಿಂಗಿನದನ್ನೇ ಮುಗಿಬಿದ್ದು ಕೊಂಡರು. ನಮಗೆ ಆ ತೊಂದರೆಯೇ ಇರಲಿಲ್ಲ ಬಿಡಿ.

ಯಜಮಾನರ ಸಮಸ್ಯೆ ಕಾಗದದ್ದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ಶುರು ಮಾಡಿತು. ಐವತ್ತು ವರ್ಷ ದಾಟಿರಬೇಕು. ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ 'ವಿಎ' ಅಂತ ಬರುತ್ತದೆ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ಶುಲ್ಕ, ಹತ್ತು ವರ್ಷ ನಡೆಯುತ್ತದೆ. ಆದರೆ ಒಂದು ಷರತ್ತು: ಛಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಯಜಮಾನರು ಬಾನೆಟ್ ಎತ್ತಿ ತೋರಿಸಿದರು. ಒಳಗೆ ಕೂತಿದ್ದದ್ದು ಅಂಬಾಸಡರ್ ಎಂಜಿನ್.

ನನಗೆ ನಗು ಬಂತು. ಯಾಕೆ ಅಂದರೆ ಆ 1489 ಸಿಸಿ ಎಂಜಿನ್ ಪೂರ್ತಿ ಪರಕೀಯನೂ ಅಲ್ಲ. 1955ರಲ್ಲಿ ಎಂಜಿ ಕಂಪನಿಯೇ ತನ್ನ ಹೊಸ ಸ್ಪೋರ್ಟ್ಸ್ ಕಾರು ಎಂಜಿಎ ತಂದಾಗ ಅದಕ್ಕೆ ಹಾಕಿದ್ದು ಇದೇ ಬಿ ಸೀರೀಸ್ ಎಂಜಿನ್. ಸೋದರಮಾವನ ಮಗ ಅನ್ನಿ. "ಇದೂ ನಿಮ್ಮ ಪೈಕೀನೇ ಯಜಮಾನ್ರೇ, ಸುಮ್ನೆ ಬಿಟ್ಟುಬಿಡಿ" ಅಂದೆ. ಅವರು ನಗಲಿಲ್ಲ. "ಅಪ್ಪ ಓಡಿಸಿದ್ದು ಇದಲ್ಲ" ಅಂದರು. ಅಲ್ಲಿಗೆ ನಾನು ಸಿಕ್ಕಿಬಿದ್ದೆ.

ಮೊದಲು ನಂಬರಿನ ವಿಷಯ ಹೇಳಿಬಿಡುತ್ತೇನೆ. ಛಾಸಿ ನಂಬರೂ ಎಂಜಿನ್ ನಂಬರೂ ಒಂದೇ ಇದ್ದರೆ ಮಾತ್ರ ಅಸಲಿ ಅಂತ ಇಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಟಿಸಿಯಲ್ಲಿ ಎರಡೂ ಬೇರೆ ಬೇರೆ ಸಾಲು. ಛಾಸಿ ಸಾಲು 0251ರಿಂದ ಶುರುವಾಗುತ್ತದೆ. ಆಬಿಂಗ್ಡನ್ ಫ್ಯಾಕ್ಟರಿಯ ಟೆಲಿಫೋನ್ ನಂಬರು 251, ಅದಕ್ಕೇ! ಎಂಜಿನ್‌ಗೆ ಅದರ ಮಾದರಿಯ ಹೆಸರು ಎಕ್ಸ್‌ಪಿಎಜಿ ಅಂತ ಬರೆದು ಮುಂದೆ ಬೇರೆ ನಂಬರು. ಫ್ಯಾಕ್ಟರಿಯಲ್ಲಿ ಯಾವ ಛಾಸಿಗೆ ಯಾವ ಎಂಜಿನ್ ಕೂರಿಸಿದರೋ ಆ ಜೋಡಿ ಉಳಿದಿದೆಯಾ ಅನ್ನುವುದಷ್ಟೇ ಪ್ರಶ್ನೆ. ಜೋಡಿಯ ನಂಬರು ಕಾರಿಗೆ ಹೊಡೆದ ಫ್ಯಾಕ್ಟರಿ ತಟ್ಟೆಯ ಮೇಲೂ ಇರುತ್ತದೆ, ನಮ್ಮಲ್ಲಿ ಆರ್‌ಸಿ ಪುಸ್ತಕದಲ್ಲೂ ಇರುತ್ತದೆ. ಯಜಮಾನರ ಹತ್ತಿರ ಎರಡೂ ಇದ್ದವು. ಆರ್‌ಸಿ ಅಂತೂ ನೋಡುವ ಹಾಗಿತ್ತು. ಮೊದಲ ಪುಟಗಳಲ್ಲಿ ಮದ್ರಾಸ್ ಸೀಲು, ಆಮೇಲೆ ಮೈಸೂರು ಸೀಲು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಾರು ಶೆಡ್ಡಿನಲ್ಲೇ ನಿಂತು ರಾಜ್ಯ ಬದಲಿಸಿತ್ತು.

ಆಮೇಲೆ 1966ರ ಒಂದು ಷರಾ: ಎಂಜಿನ್ ಬದಲಾಯಿಸಿದೆ, ಹೊಸ ನಂಬರು ಇಂತಿಷ್ಟು. ಹಳೆಯದು ಎಲ್ಲಿಗೆ ಹೋಯಿತು ಅಂತ ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ.

ಯಾಕೆ ಬದಲಾಯಿಸಿದರು? ಆ ಕೆಲಸ ಮಾಡಿದ ಉಸ್ತಾದರು ಈಗಿಲ್ಲ. ಅವರ ಕೈಕೆಳಗೆ ಆಗ ಹುಡುಗನಾಗಿದ್ದವರು ಇದ್ದಾರೆ, ಎಂಬತ್ತರ ಹತ್ತಿರ ಬಂದಿದ್ದಾರೆ. ಚಹಾ ಕುಡಿಸಿ ಕೇಳಿದೆ. "ಬೋಲ್ಟ್ ನೋಡ್ರಿ, ಬೋಲ್ಟೇ ಹೊಡೀತು ನಮ್ಮನ್ನ" ಅಂದರು. "ನಮ್ಮ ಪಾನಾ ತಲೆಗೆ ಸರಿಯಾಗಿ ಕೂರ್ತಿತ್ತು. ಬಿಚ್ಚಿದ್ವಿ. ಒಂದೆರಡು ಹಾಳಾಗಿದ್ವು, ನಮ್ಮ ಡಬ್ಬಿಯಿಂದ ಅದೇ ದಪ್ಪದ್ದು ಹಾಕಿದ್ವಿ. ಎರಡು ಸುತ್ತು ಹೋಗೋದು, ಮೂರನೇದಕ್ಕೆ ಹಿಡ್ಕೊಳ್ಳೋದು. ಉಸ್ತಾದ್ರು ಜೋರಾಗಿ ತಿರುವಿದ್ರು. ಥ್ರೆಡ್ಡೇ ಎದ್ದು ಬಂತು."

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಲೇತ್ ಕೆಲಸದವನಿಗೆ ಇದಕ್ಕಿಂತ ರುಚಿಯಾದ ವಿಷಯ ಇಲ್ಲ. ಹಾಚ್‌ಕಿಸ್ ಅನ್ನುವ ಫ್ರೆಂಚ್ ಕಂಪನಿ ಮೊದಲ ಮಹಾಯುದ್ಧದ ಹೊತ್ತಿಗೆ ಮೆಷಿನ್ ಗನ್ ಮಾಡಲು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಫ್ಯಾಕ್ಟರಿ ಹಾಕಿತು. ಅಲ್ಲಿನ ಯಂತ್ರಗಳೆಲ್ಲ ಮಿಲಿಮೀಟರ್ ಲೆಕ್ಕದವು. 1923ರಲ್ಲಿ, ಮುಂದೆ ಎಂಜಿ ಕಾರುಗಳಿಗೂ ಎಂಜಿನ್ ಮಾಡಿಕೊಟ್ಟ ಮಾರಿಸ್ ಕಂಪನಿ ಆ ಫ್ಯಾಕ್ಟರಿ ಕೊಂಡಿತು. ಅಷ್ಟೊಂದು ಯಂತ್ರ ಬಿಸಾಡೋದು ಯಾರಿಗೆ ಬೇಕು? ಹಾಗಾಗಿ ಎಂಜಿನ್ನಿನ ಥ್ರೆಡ್ ಮೆಟ್ರಿಕ್ಕಾಗಿಯೇ ಉಳಿಯಿತು. ಆದರೆ ಇಂಗ್ಲೆಂಡಿನ ಗ್ಯಾರೇಜುಗಳಲ್ಲಿ ಇದ್ದದ್ದು ಇಂಚಿನ ಲೆಕ್ಕದ ವಿಟ್‌ವರ್ತ್ ಪಾನಾ. ಆದ್ದರಿಂದ ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ತಲೆ ಇಂಗ್ಲಿಷರದು, ಮೈ ಫ್ರೆಂಚರದು. ಇದೇ ವಂಶದಲ್ಲಿ ಹುಟ್ಟಿದ್ದು ಎಕ್ಸ್‌ಪಿಎಜಿ. ಬೋರು 66.5 ಮಿಲಿಮೀಟರ್, ಸ್ಟ್ರೋಕು 90, ಒಟ್ಟು 1250 ಸಿಸಿ. ಕೌಲ್ ಬಜಾರಿನ ಉಸ್ತಾದರಿಗೆ ಈ ಕಥೆ ಯಾರು ಹೇಳಬೇಕಿತ್ತು? ಪಾನಾ ಕೂತಿತು, ಬೋಲ್ಟೂ ಅದೇ ಜಾತಿ ಅಂದುಕೊಂಡರು. ಅವರ ತಪ್ಪು ಅಂತ ನಾನು ಹೇಳಲಾರೆ. ಆಗಿನ ದಿನಗಳಲ್ಲಿ ಹೊರದೇಶದ ಬಿಡಿಭಾಗ ತರಿಸುವುದೂ ಸುಲಭವಿರಲಿಲ್ಲ. ಅಂಬಾಸಡರ್ ಎಂಜಿನ್ ಕಣ್ಣೆದುರಿಗೇ ಇತ್ತು.

"ಹಳೇದು ಏನಾಯ್ತು ಚಾಚಾ?" ಅಂದೆ. ಲಾರಿಯಲ್ಲಿ ಹುಲ್ಲು ಹಾಸಿ ಇಟ್ಟರಂತೆ. ಲಾರಿ ಸಿರುಗುಪ್ಪ ರಸ್ತೆ ಹಿಡಿಯಿತಂತೆ. ಅಷ್ಟೇ ನೆನಪು.

ಸಿರುಗುಪ್ಪ ಅಂದ ತಕ್ಷಣ ನನ್ನ ತಲೆಯಲ್ಲಿ ನೀರು ಹರಿಯಿತು. ತುಂಗಭದ್ರಾ ಅಣೆಕಟ್ಟು ಮುಗಿದು ಆಗಿನ್ನೂ ಹತ್ತು ಹನ್ನೆರಡು ವರ್ಷ. ಎಲ್ಲೆಡೆ ಭತ್ತ, ಎಲ್ಲೆಡೆ ಮಿಲ್ಲು, ಎಲ್ಲರಿಗೂ ನೀರೆತ್ತುವ ಎಂಜಿನ್ ಬೇಕು. ಯಾವುದೋ ಪಂಪಿಗೆ ಕಟ್ಟಿದ್ದಾರೆ ಅಂತ ತೀರ್ಮಾನ ಮಾಡಿದೆ. ಎಂಟು ತಿಂಗಳು ಸುತ್ತಿದೆ. ಸಿರುಗುಪ್ಪ, ಕಾರಟಗಿ, ಗಂಗಾವತಿ. ಮಿಲ್ಲಿನ ಹಿತ್ತಲು, ಗುಜರಿ ಅಂಗಡಿ, ಕಾಲುವೆ ಪಕ್ಕದ ಹಾಳು ಶೆಡ್ಡು. ಗಂಗಾವತಿಯಲ್ಲಿ ಒಬ್ಬರು "ಕಾರಿನ ಎಂಜಿನ್ ಐತ್ರಿ ಬರ್ರಿ" ಅಂತ ಹತ್ತು ಕಿಲೋಮೀಟರ್ ಕರೆದುಕೊಂಡು ಹೋಗಿ ಟ್ರ್ಯಾಕ್ಟರ್ ಗೇರ್‌ಬಾಕ್ಸ್ ತೋರಿಸಿದರು. ಊಟ ಮಾತ್ರ ಚೆನ್ನಾಗಿ ಹಾಕಿದರು.

ಒಂದು ರಾತ್ರಿ ಲೆಕ್ಕ ಹಾಕುತ್ತಾ ಕೂತಾಗ ನನ್ನ ದಡ್ಡತನ ಗೊತ್ತಾಯಿತು. ಈ ಎಂಜಿನ್ 54 ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ 5,200 ಸುತ್ತು ತಿರುಗಿದಾಗ. ಪಂಪಿಗೆ ಬೇಕಾದದ್ದು ನಿಧಾನಕ್ಕೆ ತಿರುಗುವ, ಇಡೀ ದಿನ ದಣಿಯದ ಎತ್ತು. ಕಿರ್ಲೋಸ್ಕರ್ ಥರದ ಡೀಸೆಲ್ ಎಂಜಿನ್ ಆಗಲೇ ಸಿಗುತ್ತಿತ್ತು. ಪೆಟ್ರೋಲು ಸುಟ್ಟು ಭತ್ತಕ್ಕೆ ನೀರು ಹಾಯಿಸುವಷ್ಟು ಹುಚ್ಚ ರೈತ ಯಾರು? ಸೀಮೆಎಣ್ಣೆಯಲ್ಲಿ ಓಡಿಸೋಣ ಅಂದರೆ ಇದರ ಕಂಪ್ರೆಷನ್ ಜಾಸ್ತಿ, ಬಡಿದುಕೊಳ್ಳುತ್ತದೆ. ಇಷ್ಟಕ್ಕೂ ಥ್ರೆಡ್ ಎದ್ದುಹೋದ ಎಂಜಿನ್ ಅದು, ಸಿಲಿಂಡರ್ ಮೇಲಿನ ಮುಚ್ಚಳ, ಅಂದರೆ ಹೆಡ್ಡೇ ಬಿಗಿಯಾಗಿ ಕೂರುವುದಿಲ್ಲ. ಓಡುವ ಎಂಜಿನ್ ಬೇಕಾದವನಿಗೆ ಅದು ಯಾವ ಉಪಯೋಗಕ್ಕೂ ಇಲ್ಲ.

ಹಾಗಾದರೆ ಓಡದ ಎಂಜಿನ್ ಯಾರಿಗೆ ಬೇಕು? ಗುಜರಿಯವನಿಗೆ ಬೇಕು. ಆದರೆ ಗುಜರಿಗೆ ಹೋಗುವ ಮಾಲಿಗೆ ಯಾರೂ ಹುಲ್ಲು ಹಾಸುವುದಿಲ್ಲ. ಈ ಹುಲ್ಲಿನ ವಿಷಯ ಚಾಚಾ ಮೊದಲ ದಿನವೇ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಓಡದಿದ್ದರೂ ಪೆಟ್ಟಾಗಬಾರದ ಎಂಜಿನ್ ಬೇಕಾಗುವುದು ಪಾಠ ಮಾಡುವವರಿಗೆ. ಸಿರುಗುಪ್ಪ ರಸ್ತೆ ಸಿರುಗುಪ್ಪಕ್ಕೇ ನಿಲ್ಲುವುದಿಲ್ಲವಲ್ಲ. ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಹೋಗುತ್ತದೆ. ಫೋನ್ ಹಿಡಿದೆ. ನಿವೃತ್ತ ಮಾಸ್ತರರು, ಅವರ ಶಿಷ್ಯರು, ಶಿಷ್ಯರ ಶಿಷ್ಯರು. ಎಂಜಿ ಅಂತ ಕೇಳಲೇ ಇಲ್ಲ. ಆ ಹೆಸರು ಯಾರಿಗೂ ನೆನಪಿರುವುದಿಲ್ಲ. "ನಾಲ್ಕು ಸಿಲಿಂಡರ್, ವಾಲ್ವು ಮೇಲೆ, ಎರಡು ಕಾರ್ಬ್ಯುರೇಟರ್ ಕೂರುವ ಜಾಗ, ಕೆಳಗಿನ ಆಯಿಲ್ ಸಂಪು ಅಲ್ಯೂಮಿನಿಯಮ್, ಅದಕ್ಕೆ ರೆಕ್ಕೆ ರೆಕ್ಕೆ ಇರುತ್ತದೆ" ಅಂತ ಕೇಳಿದೆ. ಆರನೆಯವರೋ ಏಳನೆಯವರೋ, "ಆ ಕೆಂಪು ನೀಲಿ ಎಂಜಿನ್ನಾ?" ಅಂದರು.

ರಾಯಚೂರಿನ ಒಂದು ಹಳೆಯ ತರಬೇತಿ ಸಂಸ್ಥೆ. ಹಿಂದಿನ ಕೋಣೆಯಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇತ್ತು. ವಿದ್ಯಾರ್ಥಿಗಳು ಇಲ್ಲಿದ್ದೀರಿ, ಕಟ್ ಮಾಡೆಲ್ ನೋಡಿರುತ್ತೀರಿ ಅಲ್ವಾ? ಅದೇ. ಮೊದಲ ಎರಡು ಸಿಲಿಂಡರಿನ ಗೋಡೆ ಗರಗಸದಲ್ಲಿ ಕೊಯ್ದಿದ್ದರು. ನೀರು ಹರಿಯುವ ಜಾಗಕ್ಕೆ ನೀಲಿ, ಕೊಯ್ದ ಅಂಚಿಗೆ ಕೆಂಪು ಬಣ್ಣ. ಮುಂದೆ ತಿರುಗಿಸುವ ಹಿಡಿ. ಬ್ಲಾಕಿನ ಹಿಂಭಾಗದಲ್ಲಿ ಬಣ್ಣದ ಅಡಿ ಏನೋ ಉಬ್ಬಿತ್ತು. ಇನ್‌ಸ್ಟ್ರಕ್ಟರ್ ಅನುಮತಿ ಪಡೆದು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಎಂಟು ಮೂಲೆಯ ಪುಟ್ಟ ಹಿತ್ತಾಳೆ ಬಿಲ್ಲೆ. ಎಂಜಿಯ ಲಾಂಛನವೇ ಎಂಟು ಮೂಲೆ. ನಂಬರು ಓದಿದೆ. ಆರ್‌ಸಿ ತೆಗೆದು ಇನ್ನೊಮ್ಮೆ ಓದಿದೆ. ಪಕ್ಕದಲ್ಲಿದ್ದ ಹುಡುಗನ ಕೈಗೆ ಕೊಟ್ಟು ಅವನಿಂದಲೂ ಓದಿಸಿದೆ. ಅದೇ.

ಆದರೂ ನಂಬಿ ಕೂರುವ ಹಾಗಿಲ್ಲ. ಬಿಲ್ಲೆಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ, ಬ್ಲಾಕಿನ ಮೇಲೆ ಕೊರೆದಿರುವುದಿಲ್ಲ. ರಿವೆಟ್ ಕಿತ್ತು ಇನ್ನೊಂದಕ್ಕೆ ಹೊಡೆಯಲು ಅರ್ಧ ಗಂಟೆ ಸಾಕು. ಹಾಗಾಗಿ ನಾನು ನೋಡಿದ್ದು ಬೇರೆ: ಹೆಡ್ ಬೋಲ್ಟಿನ ತೂತುಗಳು. ಎರಡರಲ್ಲಿ ಥ್ರೆಡ್ ಎದ್ದುಹೋಗಿತ್ತು. ಉಸ್ತಾದರ ಕೈಯ ಗುರುತು. ನಂಬರಿಗಿಂತ ಅದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಸಂಸ್ಥೆಯ ಡೆಡ್ ಸ್ಟಾಕ್ ರಿಜಿಸ್ಟರ್ ತೆಗೆಸಿದೆವು. 1966ರ ಪುಟದಲ್ಲಿ ಒಂದೇ ಸಾಲು: 'ಹಳೆ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಒಂದು.' ಕೊಟ್ಟವರ ಹೆಸರಿನ ಜಾಗದಲ್ಲಿ ಯಜಮಾನರ ತಂದೆಯ ಹೆಸರು. ಬೆಲೆಯ ಜಾಗದಲ್ಲಿ ಒಂದು ಅಡ್ಡ ಗೀಟು. ಮಾರಿರಲಿಲ್ಲ, ಸುಮ್ಮನೆ ಕೊಟ್ಟಿದ್ದರು. ಮಗನಿಗೆ ಇದು ಗೊತ್ತೇ ಇರಲಿಲ್ಲ.

ಯಜಮಾನರನ್ನು ಕರೆದುಕೊಂಡು ಹೋದ ದಿನ ಏನೂ ಮಾತಾಡಲಿಲ್ಲ ಅವರು. ಕೊಯ್ದ ಸಿಲಿಂಡರಿನೊಳಗೆ ಬೆರಳು ಹಾಕಿ ನೋಡಿದರು. ವಾಪಸ್ ಬರುವಾಗ ಮಾನ್ವಿ ದಾಟಿದ ಮೇಲೆ ಕೇಳಿದರು, "ವೆಲ್ಡ್ ಮಾಡಕ್ಕಾಗಲ್ವಾ?" ಆಗುವುದಿಲ್ಲ ಅಂದೆ. ಎರಕದ ಕಬ್ಬಿಣ, ಅದೂ ಸಿಲಿಂಡರ್ ಗೋಡೆ. ಬಹಳ ಹಣ ಸುರಿದು ಯಾರಾದರೂ ಪ್ರಯತ್ನಿಸಬಹುದು. ನಾನು ಮಾಡುವುದಿಲ್ಲ.

ಆಮೇಲೆ ಸಲಹೆಗಳು ಬಂದವು. ಇಂಗ್ಲೆಂಡಿನಿಂದ ಬೇರೆ ಎಕ್ಸ್‌ಪಿಎಜಿ ತರಿಸಿ, ಈ ಬಿಲ್ಲೆ ಕಿತ್ತು ಅದಕ್ಕೆ ಹೊಡೆಯಿರಿ, ಯಾರಿಗೆ ಗೊತ್ತಾಗುತ್ತದೆ ಅಂದವರು ಒಬ್ಬರಲ್ಲ, ಮೂವರು. ಬೇರೆ ಎಕ್ಸ್‌ಪಿಎಜಿ ತರಿಸುವುದರಲ್ಲಿ ತಪ್ಪೇನಿಲ್ಲ. ಅದರ ನಂಬರನ್ನೇ ಕಾಗದದಲ್ಲಿ ಬರೆಸಿದರೆ ಆಯಿತು. ಆದರೆ ಬಿಲ್ಲೆ ಕೀಳುವ ಕೆಲಸಕ್ಕೆ ನನ್ನ ಅಂಗಡಿಯಲ್ಲಿ ಉಳಿ ಇಲ್ಲ ಅಂತ ಹೇಳಿಬಿಟ್ಟೆ. ಯಜಮಾನರೂ ಆ ಮಾತು ಮತ್ತೆ ಎತ್ತಲಿಲ್ಲ.

ಸದ್ಯಕ್ಕೆ ಕಾರಿನಲ್ಲಿ ಅಂಬಾಸಡರ್ ಎಂಜಿನ್ನೇ ಇದೆ. 'ವಿಎ' ನಂಬರಿನ ಅರ್ಜಿ ಹಾಕಿಲ್ಲ. ಕಳೆದ ತಿಂಗಳು ಇಬ್ಬರೂ ಅದೇ ಕಾರಿನಲ್ಲಿ ಬೆಳಗಿನ ಜಾವ ಹೊರಟು ರಾಯಚೂರಿಗೆ ಹೋದೆವು. ಮಾನ್ವಿ ಹತ್ತಿರ ಒಮ್ಮೆ ಬಿಸಿಯಾಗಿ ನಿಂತಿತು, ಬೇವಿನ ಮರದಡಿ ಅರ್ಧ ಗಂಟೆ. ಸಂಸ್ಥೆಯಲ್ಲಿ ತರಗತಿ ನಡೆಯುತ್ತಿತ್ತು. ಹುಡುಗ ಹಿಡಿ ತಿರುಗಿಸುತ್ತಿದ್ದ, ಪಿಸ್ಟನ್ ಮೇಲೆ ಕೆಳಗೆ, ವಾಲ್ವು ತೆರೆದು ಮುಚ್ಚಿ. ಇನ್‌ಸ್ಟ್ರಕ್ಟರ್ ಫೈರಿಂಗ್ ಆರ್ಡರ್ ಕೇಳಿದರು, ಅಂದರೆ ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ. ಹುಡುಗರು ಹೇಳುವ ಮೊದಲೇ ಬಾಗಿಲ ಹತ್ತಿರದಿಂದ ಯಜಮಾನರು "ಒಂದು, ಮೂರು, ನಾಲ್ಕು, ಎರಡು" ಅಂದರು.

ಬರುವ ಮುಂಚೆ ರಿಜಿಸ್ಟರಿನ ಆ ಸಾಲಿನ ಪಕ್ಕ ಎಂಜಿನ್ ನಂಬರನ್ನೂ ಕಾರಿನ ಛಾಸಿ ನಂಬರನ್ನೂ ಬರೆಸಿದೆವು. ಇನ್‌ಸ್ಟ್ರಕ್ಟರ್ ಸಹಿ, ಯಜಮಾನರ ಸಹಿ, ಒಂದು ಸೀಲು. ಅದರ ಜೆರಾಕ್ಸ್ ಈಗ ಕಾರಿನಲ್ಲಿ ಆರ್‌ಸಿ ಪುಸ್ತಕದ ಜೊತೆಗಿದೆ. ಕಾರು ಹೊರಗೆ ನಿಲ್ಲಿಸಿದ್ದೇವೆ, ನೋಡಬಹುದು. ಬಾನೆಟ್ ಮಾತ್ರ ಈಗಲೇ ಮುಟ್ಟಬೇಡಿ, ಇನ್ನೂ ಬಿಸಿ ಇದೆ.