ಡಬ್ಬಿಯ ತಳದಲ್ಲೊಂದು ಟ್ಯಾಂಕು

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಬಳಿ ಒಂದು ತಗಡಿನ ಡಬ್ಬಿ ಇದೆ. ಅಲುಗಿಸಿದರೆ ಗಲಗಲ ಎನ್ನುತ್ತದೆ. ಒಳಗಿರುವುದೆಲ್ಲ ಪ್ಲಾಸ್ಟಿಕ್ ಚೂರುಗಳೇ. ಬೆರಳುಗುರಿನಷ್ಟು ಸಣ್ಣ ಸಲಿಕೆ, ಒಂಟಿ ದೀಪ, ಯಾವುದೋ ಯುದ್ಧಟ್ಯಾಂಕಿನ ಮುಚ್ಚಳ, ತಲೆಯಿಲ್ಲದ ಸೈನಿಕ. ಮಾದರಿ ಟ್ಯಾಂಕು ಕಟ್ಟುವ ಹವ್ಯಾಸವಿರುವವರ ಮನೆಯಲ್ಲೆಲ್ಲ ಇಂಥದ್ದೊಂದು ಡಬ್ಬಿ ಸೇರಿಕೊಂಡೇ ಇರುತ್ತದೆ. ಪ್ಲಾಸ್ಟಿಕ್ ಭಾಗಗಳನ್ನು ಹೊಯ್ಯುವ ಉಕ್ಕಿನ ಅಚ್ಚು ಬಹಳ ದುಬಾರಿ. ಅದಕ್ಕೇ ತಯಾರಕರು ಒಂದೇ ಅಚ್ಚಿನಲ್ಲಿ ಎರಡು ಮೂರು ಬಗೆಯ ಟ್ಯಾಂಕಿಗೆ ಆಗುವಷ್ಟು ಭಾಗಗಳನ್ನು ಕೂಡಿಸಿಡುತ್ತಾರೆ. ನಾವು ಕಟ್ಟುವುದು ಒಂದನ್ನು. ಉಳಿದದ್ದು ಡಬ್ಬಿಗೆ.

ಈ ಡಬ್ಬಿಯನ್ನು ಒಮ್ಮೆ ನೆಲದ ಮೇಲೆ ಸುರುವಿಕೊಂಡು ಕೂತೆ. ಬಿಡಿಭಾಗಗಳ ಹೊಸ ಪೆಟ್ಟಿಗೆ, ಅಂದರೆ ಕಿಟ್, ತರದೆ, ಇದ್ದುದರಲ್ಲೇ ಒಂದು ಟ್ಯಾಂಕು ಆಗಬಹುದೇ ಎಂಬ ಕುತೂಹಲ. ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕು ಟಿ-34ರ ಒಡಲು ಒಂದು ಸಿಕ್ಕಿತು. ನನ್ನ ಚೂರುಗಳೆಲ್ಲ 35ರಲ್ಲಿ ಒಂದು ಅಳತೆಯವು; ನಿಜದ 35 ಮಿಲಿಮೀಟರ್ ಇಲ್ಲಿ ಒಂದು ಮಿಲಿಮೀಟರ್. ಈ 35 ಎಂಬ ಲೆಕ್ಕವೂ ಒಂದು ರೀತಿಯಲ್ಲಿ ಹೊಂದಾಣಿಕೆಯಿಂದಲೇ ಹುಟ್ಟಿದ್ದು. 1960ರ ದಶಕದ ಮೊದಲಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡುವಾಗ, ಒಳಗೆ ಮೋಟಾರೂ ಬ್ಯಾಟರಿಯೂ ಹಿಡಿಸಬೇಕೆಂದು ಒಡಲಿನ ಗಾತ್ರ ನಿಶ್ಚಯಿಸಿತು. ಆಮೇಲೆ ಅಳೆದು ನೋಡಿದರೆ ಅದು ಸುಮಾರು 35ರಲ್ಲಿ ಒಂದು!

ಒಡಲೇನೋ ಸಿಕ್ಕಿತು, ಚಕ್ರಗಳ ಕಥೆ ಬೇರೆ. ಟಿ-34ಕ್ಕೆ ಒಂದೊಂದು ಪಕ್ಕದಲ್ಲಿ ಐದು ಜೋಡಿಚಕ್ರ, ಒಟ್ಟು ಹತ್ತು. ನನ್ನ ಹತ್ತಿರವೂ ಹತ್ತೇ ಇದ್ದವು, ಆದರೆ ಎರಡು ಬೇರೆ ಬೇರೆ ಕಿಟ್ಟಿನವು. ನಾಲ್ಕಕ್ಕೆ ರಬ್ಬರ್ ಅಂಚು, ಆರಕ್ಕೆ ಬರೀ ಉಕ್ಕಿನ ಅಂಚು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ಬೇಸರದಿಂದ ಡಬ್ಬಿ ಮುಚ್ಚುವುದರಲ್ಲಿದ್ದೆ. ಯುದ್ಧಕಾಲದ ಹಳೆಯ ಫೋಟೋಗಳನ್ನು ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು: ನಿಜವಾದ ಟಿ-34ಗಳಲ್ಲೂ ಇದೇ ಕಲಬೆರಕೆ! 1942ರ ಹೊತ್ತಿಗೆ ಸೋವಿಯತ್ ಕಾರ್ಖಾನೆಗಳಿಗೆ ರಬ್ಬರಿನ ಅಭಾವ. ಹಾಗಾಗಿ ಉಕ್ಕಿನ ಅಂಚಿನ ಚಕ್ರಗಳನ್ನು ಮಾಡಿದರು. ಅವು ಓಡುವಾಗ ವಿಪರೀತ ಸದ್ದು, ವಿಪರೀತ ನಡುಕ. ಪೆಟ್ಟು ಹೆಚ್ಚು ಬೀಳುವುದು ಮೊದಲನೆಯ ಮತ್ತು ಐದನೆಯ ಚಕ್ರಕ್ಕೆ. ಆ ಎರಡು ಜಾಗಕ್ಕೆ ರಬ್ಬರಿನವು, ನಡುವಿನ ಮೂರಕ್ಕೆ ಉಕ್ಕಿನವು. ನೀವೇ ಲೆಕ್ಕ ಹಾಕಿ. ಪಕ್ಕಕ್ಕೆ ಎರಡರಂತೆ ರಬ್ಬರಿನವು ನಾಲ್ಕು, ಮೂರರಂತೆ ಉಕ್ಕಿನವು ಆರು. ನನ್ನ ಡಬ್ಬಿಯಲ್ಲಿದ್ದದ್ದು ಅಷ್ಟೇ! ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಮಿಕ್ಕ ಚೂರುಗಳಿಂದ ಕಟ್ಟುವುದೆಂದರೆ ಮನಸ್ಸಿಗೆ ಬಂದದ್ದನ್ನು ಅಂಟಿಸುವುದು ಎಂದು ಕೆಲವರು ತಿಳಿದಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೈನ್ಯಗಳೂ ಈ ಕೆಲಸ ಮಾಡಿವೆ, ಆದರೆ ಒಂದೊಂದಕ್ಕೂ ಕಾರಣವಿತ್ತು. ಫಿನ್‌ಲೆಂಡಿನವರು ಸೋವಿಯತ್ತರಿಂದ ವಶಪಡಿಸಿಕೊಂಡ ಬಿಟಿ-7 ಟ್ಯಾಂಕುಗಳ ಮೇಲೆ ಬ್ರಿಟಿಷ್ 114 ಮಿಲಿಮೀಟರ್ ಹೊವಿಟ್ಜರ್ ತೋಪು ಕೂರಿಸಿ ಬಿಟಿ-42 ಎಂದು ಹೆಸರಿಟ್ಟರು. ಮಾಡಿದ್ದು 18. ಹಗುರವಾದ ಒಡಲಿನ ಮೇಲೆ ಎತ್ತರದ ಪೆಟ್ಟಿಗೆ, ನೋಡಲು ಏನೇನೂ ಚೆನ್ನಾಗಿಲ್ಲ. ಈಜಿಪ್ಟಿನವರು ಅಮೆರಿಕದ ಶರ್ಮನ್ ಟ್ಯಾಂಕಿನ ಒಡಲಿಗೆ ಫ್ರಾನ್ಸಿನ ಎಎಂಎಕ್ಸ್-13 ಟ್ಯಾಂಕಿನ ಟರೆಟ್, ಅಂದರೆ ತೋಪು ಹೊತ್ತು ತಿರುಗುವ ಗೋಪುರ, ಜೋಡಿಸಿದ್ದರು. ಕೈಯಲ್ಲಿ ಒಡಲಿದೆ, ಒಳ್ಳೆಯ ತೋಪು ಇನ್ನೊಂದು ಕಡೆ ಇದೆ, ಯುದ್ಧ ಕಾಯುವುದಿಲ್ಲ. ಹಾಗೆ ಹುಟ್ಟಿದವು ಅವು.

ಟರೆಟ್ ವಿಷಯಕ್ಕೆ ಬಂದೆ. ಡಬ್ಬಿಯಲ್ಲಿ ಟಿ-34-85ರ ದೊಡ್ಡ ಟರೆಟ್ ಅಂದವಾಗಿ, ಇಡಿಯಾಗಿ ಇತ್ತು. ಆಸೆಯಾಯಿತು. ಇಟ್ಟು ನೋಡಿದರೆ ನನ್ನ ಒಡಲಿನ ತೂತು ಸಾಲದು. ಅದರ 85 ಮಿಲಿಮೀಟರ್ ತೋಪಿಗಾಗಿ ಟರೆಟ್ ಕೂರುವ ಬಳೆಯನ್ನು ಸೋವಿಯತ್ ವಿನ್ಯಾಸಕರೇ ಸುಮಾರು 1.4 ಮೀಟರಿನಿಂದ 1.6 ಮೀಟರಿಗೆ ಅಗಲ ಮಾಡಬೇಕಾಗಿ ಬಂದಿತ್ತು. ನನ್ನ ಲೆಕ್ಕದಲ್ಲಿ ಅದು ಐದಾರು ಮಿಲಿಮೀಟರ್. ತೂತು ಕೊರೆದು ದೊಡ್ಡದು ಮಾಡಬಹುದಿತ್ತು. ಆದರೆ ಟಿ-34-85 ಬಂದದ್ದು 1944ರಲ್ಲಿ, ನನ್ನ ಚಕ್ರಗಳು 1942ರ ಕಥೆ ಹೇಳುತ್ತಿವೆ. ಬಿಟ್ಟುಬಿಟ್ಟೆ. ತಳದಲ್ಲಿ 76 ಮಿಲಿಮೀಟರ್ ತೋಪಿನ ಆರುಮೂಲೆಯ ಹಳೆಯ ಟರೆಟ್ ಇತ್ತು. ಮೇಲಿನ ಎರಡು ಮುಚ್ಚಳಗಳಲ್ಲಿ ಒಂದಿಲ್ಲ, ತೋಪಿನ ನಳಿಗೆಯೂ ಇಲ್ಲ.

ನಳಿಗೆಗೆ ಬಾಲ್‌ಪೆನ್ನಿನ ಖಾಲಿ ರೀಫಿಲ್ ಸರಿಹೋಗುತ್ತದೆ ಎಂದುಕೊಂಡೆ. 76 ಮಿಲಿಮೀಟರ್ ಎಂದರೆ ನಮ್ಮಲ್ಲಿ ಎರಡು ಚಿಲ್ಲರೆ ಮಿಲಿಮೀಟರ್ ಬಾಯಿ. ಉದ್ದ ಒಂಬತ್ತು ಸೆಂಟಿಮೀಟರ್. ಕತ್ತರಿಸಿ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ತೋಪು ಮೇಜಿನ ಮೇಲೆ ಮಲಗಿದೆ. ಮತ್ತೆ ಅಂಟಿಸಿದೆ, ಮತ್ತೆ ಬಿತ್ತು. ಆಮೇಲೆ ಹೊಳೆಯಿತು. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಮಾದರಿಗೆ ಬಳಸುವ ನೀರಿನಂಥ ಅಂಟು ಅದನ್ನು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ, ಅಂಟಿಸುವುದಿಲ್ಲ. ರೀಫಿಲ್ ಕೊಳವೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನದು. ಆ ಅಂಟಿಗೆ ಅದು ಕರಗುವುದೇ ಇಲ್ಲ, ಸೂಪರ್ ಗ್ಲೂಗೂ ಜಗ್ಗುವುದಿಲ್ಲ. ಕೊನೆಗೆ ಲೋಹದ ರೀಫಿಲ್ ಒಂದನ್ನು ಹುಡುಕಿ, ಶಾಯಿ ತೊಳೆದು, ಸೂಪರ್ ಗ್ಲೂ ಹಾಕಿದ ಮೇಲೆ ನಿಂತಿತು. ಬೆರಳಿನ ನೀಲಿ ಹೋಗಲು ಮಾತ್ರ ನಾಲ್ಕು ದಿನ.

ಮುಚ್ಚಳವಿಲ್ಲದ ಕಡೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಹೊದಿಸಿದೆ. ಒಣಗಿದರೆ ಅದು ಥೇಟ್ ಟಾರ್ಪಾಲು. ಸಂದುಗಳಿಗೆ ಮೆತ್ತಲು ಬೇರೆ ಪುಟ್ಟಿ ಬೇಕಿಲ್ಲ. ಭಾಗಗಳನ್ನು ಕಿತ್ತ ಮೇಲೆ ಉಳಿಯುವ ಕಡ್ಡಿಚೌಕಟ್ಟನ್ನು ಚೂರು ಮಾಡಿ ಅದೇ ಅಂಟಿನ ಸೀಸೆಯೊಂದರಲ್ಲಿ ನೆನೆಹಾಕಿದರೆ ಪಾಯಸದ ಹದಕ್ಕೆ ಬರುತ್ತದೆ. ಅದೇ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಬಿಸಿಮಾಡಿ ಎಳೆದರೆ ಕೂದಲೆಳೆಯಂಥ ಆಂಟೆನಾ.

ಈ ಹಂತದಲ್ಲಿ ಟ್ಯಾಂಕು ನೋಡಲು ಕೋಡಂಗಿಯ ಹಾಗಿತ್ತು. ಒಡಲು ಹಸಿರು, ಟರೆಟ್ ಬೂದು, ಚಕ್ರ ಕೆಲವು ಹಳದಿ. ಬಣ್ಣಕ್ಕೆ ಮೊದಲು ಬಳಿಯುವ ಬೂದು ಪ್ರೈಮರ್ ಒಂದು ಸುತ್ತು ಬಿದ್ದದ್ದೇ ತಡ, ಎಲ್ಲವೂ ಒಂದೇ ಮನೆಯ ಮಕ್ಕಳಾದವು. ಜೊತೆಗೇ ಮುಚ್ಚದ ಸಂದು, ಉಜ್ಜದ ಗೀರುಗಳೂ ಎದ್ದು ಕಂಡವು. ಮೂರು ಸಲ ಉಜ್ಜಿ ಮೂರು ಸಲ ಬಳಿದೆ.

ಉಳಿದದ್ದು ಚಕ್ರಗಳನ್ನು ಸುತ್ತುವ ಚೈನು. ಒಂದು ಪಕ್ಕಕ್ಕೆ 72 ಕೊಂಡಿ, ಎರಡೂ ಸೇರಿ 144. ನನ್ನಲ್ಲಿದ್ದದ್ದು 110. ಕೊರತೆ 34, ಪಕ್ಕಕ್ಕೆ 17. ಟ್ಯಾಂಕಿನ ಕೆಳಗೆ ನೆಲಕ್ಕೆ ತಾಗುವ ಕೊಂಡಿಗಳೇ ಪಕ್ಕಕ್ಕೆ ಇಪ್ಪತ್ತರಷ್ಟು. ಆದ್ದರಿಂದ ಹಲಗೆಯ ಮೇಲೆ ಪ್ಲಾಸ್ಟರ್‌ನಲ್ಲಿ ಆಳವಾದ ಕೆಸರು ಮಾಡಿ, ಅದರಲ್ಲಿ ಟ್ಯಾಂಕನ್ನು ಚಕ್ರದ ಅಂಚಿನವರೆಗೆ ಹೂತುಬಿಟ್ಟೆ.

ನೋಡಲು ಬಂದವರೆಲ್ಲ ಕೆಸರನ್ನೇ ಹೊಗಳುತ್ತಾರೆ. ಎಷ್ಟು ಸಹಜವಾಗಿ ಬಂದಿದೆ, ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಹೇಗೆ ಎಂಬುದನ್ನು ಹೇಳುತ್ತೇನೆ. ಯಾಕೆ ಎಂಬುದನ್ನು ಹೇಳಿದ್ದು ನಿಮಗೆ ಮಾತ್ರ. ನಮಸ್ಕಾರ.